ಸ್ಟೇರ್

ಗುರುವಾರ ಸಂಜೆ, ಗ್ರಿಮ್ಸ್‌ಬಿಯ ಲೈಬ್ರರಿ ಮಹಡಿಯ ಮೇಲೆ
ಏಳು ಜನ ನಾವು, ಒಂದು ಹೀಟರು, ಮೂರೇ ಬಿಸ್ಕತ್ತು.
ಮೌರೀನ್ ಟೀಚರ್ ಬೋರ್ಡಿನ ಎದುರು ನಿಂತು ಅಂದರು: ಸ್ಟೇರ್.
ಮೆಟ್ಟಿಲಾ? ಎಂದೆ.
ಅದರ ಸ್ಪೆಲಿಂಗ್ ಬೇರೆ. ಇದು ಕಣ್ಣಿನದು.

ಅರ್ಥ ಹೇಳಲಿಲ್ಲ. ಸುಮ್ಮನೆ
ಪೋಲೆಂಡಿನ ಬೊಗುಮಿಲನ ಮೇಲೆ ಕಣ್ಣು ನೆಟ್ಟರು,
ಅವನು ಕೆಂಪಾಗಿ, ಪೆನ್ನು ಬೀಳಿಸಿ,
ಅಂಗಿಯ ಗುಂಡಿ ಮುಟ್ಟಿ ನೋಡಿಕೊಳ್ಳುವ ತನಕ.
ಗೊತ್ತಾಯಿತಲ್ಲ? ಇದೇ. ಬಸ್ಸಿನಲ್ಲಿ ಮಾಡಬೇಡಿ.

ನೋಟ್‌ಬುಕ್ಕಿನ ಅಂಚಿಗೆ ಕನ್ನಡ ಹುಡುಕಿದೆ.
ದಿಟ್ಟಿಸು: ಇದರಲ್ಲಿ ತಪ್ಪೇ ಇಲ್ಲ.
ದುರುಗುಟ್ಟು: ಇದರಲ್ಲಿ ಬರೀ ತಪ್ಪೇ.
ಎವೆಯಿಕ್ಕದೆ ನೋಡು ಅಂದರೆ ಎದುರಿಗೆ ದೇವರಿರಬೇಕು,
ಇಲ್ಲಾ ಮದುಮಗಳು.
ಅವ್ವ ಅಂತಿದ್ದಳು, ಉಣ್ಣೋರ ಬಾಯಿ ನೋಡಬ್ಯಾಡ,
ಅವರಿಗೆ ಹೊಟ್ಟಿ ನೋಯ್ತೈತಿ.
ಅವ್ವನದೇ ಹತ್ತಿರ ಅನ್ನಿಸಿತು. ಆದರೆ ಅದು ಪದವಲ್ಲ,
ಇಡೀ ಒಂದು ಅಡುಗೆಮನೆ; ಅಂಚಿನಲ್ಲಿ ಹಿಡಿಸಲಿಲ್ಲ.

ಈ ಪದಕ್ಕೆ ಬಾಲ ಮುಖ್ಯ, ಎಂದರು ಟೀಚರ್.
ಆ್ಯಟ್ ಹಚ್ಚಿದರೆ ಜಗಳ.
ಡೌನ್ ಹಚ್ಚಿದರೆ ಜಗಳದಲ್ಲಿ ಗೆಲುವು.
ಇನ್‌ಟು ಹಚ್ಚಿದರೆ ಎದುರಿಗೆ ಯಾರೂ ಇಲ್ಲ.
ಮನೆಯೆಲ್ಲ ಹುಡುಕಿದ ಬೀಗದ ಕೈ ಮೇಜಿನ ಮೇಲೇ ಇದ್ದರೆ
ಅದೇ ನಿನ್ನ ಮುಖ ಸ್ಟೇರ್ ಮಾಡುತ್ತಿತ್ತು ಅನ್ನಬಹುದು.
ವಸ್ತುಗಳಿಗೂ ಇಲ್ಲಿ ನಾಚಿಕೆಯಿಲ್ಲ, ಬರೆದುಕೊಂಡೆ.

ರಾತ್ರಿ ಪಾಳಿ. ಹನ್ನೊಂದನೇ ಕೋಣೆಯ ವಿಲ್ಫ್ ಅಜ್ಜ
ಕಿಟಕಿಗೆ ಕುರ್ಚಿ ಎಳೆದು ಕೂತಿದ್ದಾನೆ, ಮಾಮೂಲಿನಂತೆ.
ಹೊರಗೆ ಕಾರ್ ಪಾರ್ಕು, ಒಂದು ದೀಪ, ಮಂಜು.
ಮೂವತ್ತೊಂದು ವರ್ಷ ಮೀನುಹಡಗಿನ ಮೂತಿಯಲ್ಲಿ ನಿಂತು
ತೇಲಿಬರುವ ಹಿಮಗಡ್ಡೆಗೆ ಕಾದ ಕಣ್ಣು.
ಹಗಲಿನವರು ಚಾರ್ಟಿನಲ್ಲಿ ಬರೆದಿದ್ದಾರೆ:
ಶೂನ್ಯದತ್ತ ಸ್ಟೇರ್ ಮಾಡುತ್ತಾನೆ. ಸ್ಪಂದನೆ ಇಲ್ಲ.

ಮಾತ್ರೆ ಕೊಟ್ಟೆ, ನೀರು ಕೊಟ್ಟೆ. ಪಕ್ಕಕ್ಕೆ ಸ್ಟೂಲು ಹಾಕಿ
ಅವನು ನೋಡುವಲ್ಲಿಗೇ ನಾನೂ ಕಣ್ಣು ನೆಟ್ಟೆ.
ಹತ್ತು ನಿಮಿಷ ಏನಿಲ್ಲ. ಕಣ್ಣುರಿದು ನೀರು ಬಂತು.
ಆಮೇಲೆ ಬಿಳಿಯೊಳಗೆ ಬೇರೆ ಒಂದು ಬಿಳಿ,
ವ್ಯಾನೋ ಗೋಡೆಯೋ, ನನಗೆ ಗೊತ್ತಿಲ್ಲ.

ಎಡಕ್ಕೆ, ಎಂದ ಅಜ್ಜ.
ನಾಲ್ಕು ತಿಂಗಳಲ್ಲಿ ಮೊದಲ ಮಾತು.
ಮೆಲ್ಲಗೆ, ಎಡಕ್ಕೆ.

ನಾನು ಸ್ಟೂಲನ್ನೇ ಒಂದಿಷ್ಟು ಎಡಕ್ಕೆ ಸರಿಸಿದೆ,
ಮತ್ತೇನು ಸರಿಸಬೇಕೋ ತಿಳಿಯದೆ.

ಚಾರ್ಟಿಗೆ ಯಾವ ಬಾಲವೂ ಹೊಂದಲಿಲ್ಲ.
ಹೊಡೆದು ಹಾಕಿ, ಕೆಳಗೆ ಬರೆದೆ:
ಎರಡು ಗಂಟೆ ಹತ್ತು. ಕಾವಲಿದ್ದಾನೆ.
ಇಂಗ್ಲಿಷು ತಪ್ಪಿದ್ದರೆ ಗುರುವಾರ ತಿದ್ದಿಸಿಕೊಂಡು ಬರುತ್ತೇನೆ.