ಗಿಡ್ಡವಾಗುವ ಬಾಗಿಲು

ಸುವಾರ್ತಿಗೆ ಶುಕ್ರವಾರ ಶುಕ್ರವಾರ ಮೂವತ್ತು ಮನೆ.
ಕೈಯಲ್ಲಿ ಟಾರ್ಚು, ಕಂಕುಳಲ್ಲಿ ಪಟ್ಟಿ ಪುಸ್ತಕ.
ಪ್ರತಿ ಹೊಸ್ತಿಲಲ್ಲೂ ನಡು ಬಗ್ಗಿಸುತ್ತಾಳೆ,
ವಿನಯಕ್ಕಲ್ಲ:
ಊರು ಕುಸಿದಂತೆಲ್ಲ ಮಣ್ಣು ಸುರಿದು ಸುರಿದು
ಮನೆಯ ನೆಲ ಎತ್ತಿದ್ದಾರೆ ಮೂರು ಸಲ.
ಬಾಗಿಲ ಚೌಕಟ್ಟು ಅಜ್ಜಿಯ ಕಾಲದ್ದು,
ಅದಕ್ಕೆ ಏಳುವುದು ಗೊತ್ತಿಲ್ಲ.

ಸೆಮರಾಂಗಿನ ಬಡಗಣ ಓಣಿ. ಗೋಡೆಯಾಚೆ ಕಡಲು
ನಮಗಿಂತ ಒಂದು ಮೆಟ್ಟಿಲು ಮೇಲೆ ಕೂತು
ಕೆಳಗೆ ನೋಡುತ್ತದೆ.

ಬಚ್ಚಲಿನ ನೀಲಿ ತೊಟ್ಟಿಗೆ ಬೆಳಕು ಬಿಟ್ಟಳು.
ನೀರೊಳಗಿನ ಅಲ್ಪವಿರಾಮಗಳು
ಕೊಂಕಿ ಡೊಂಕಿ ತಳಕ್ಕಿಳಿದವು.
"ಹನ್ನೊಂದು," ಬರೆದುಕೊಂಡಳು, "ಈ ನೀರು ಚೆಲ್ಲಬೇಕು."
ಪೊನಿರಾ ಸೊಂಟಕ್ಕೆ ಕೈಕೊಟ್ಟು ನಿಂತಳು:
"ನಲ್ಲಿ ಬಂದು ನಾಲ್ಕು ದಿನ. ಚೆಲ್ಲಿಬಿಟ್ಟು
ಎಸರಿಗೆ ನಿನ್ನ ಪುಸ್ತಕ ಹಿಂಡಲೇನು?"
ಒಳಗೆ ಮಂಚದ ಮೇಲೆ ಮಗ ಗಿಲಾಂಗ್,
ಆರು ವರ್ಷ, ಹಣೆ ಕೆಂಡ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ—
ಪೆದ್ದರನ್ನು ಆಡಿಕೊಳ್ಳಲು ನಮ್ಮ ಕಡೆಯ ಗಾದೆ.
ಆ ಬಚ್ಚಲಲ್ಲಿ ನಿಂತಾಗ ನನಗೆ ನಗು ಬರಲಿಲ್ಲ.
ಈ ಹುಡುಗನ ಜ್ವರಕ್ಕೆ ಬರೆ ಯಾರಿಗೆ?
ಬಾರದ ನಲ್ಲಿಗೆ?
ಪಾತಾಳಕ್ಕೆ ಕೊಳವೆಯಿಳಿಸಿ ಹೀರಿ ಹೀರಿ
ಊರನ್ನು ಮಾವಿನ ಸಿಪ್ಪೆ ಮಾಡಿದ ಕಾರ್ಖಾನೆಗೆ?
ತೆಂಕಣ ಗುಡ್ಡದ ತಲೆ ಬೋಳಿಸಿ
ಬಂಗಲೆ ನೆಟ್ಟವರಿಗೆ? ಅಲ್ಲಿ ಮಳೆ ಹಿಡಿಯುವ ಬೇರಿಲ್ಲ,
ಸುರಿದದ್ದೆಲ್ಲ ನಮ್ಮ ಓಣಿಗೇ ವಿಳಾಸ ಬರೆಸಿಕೊಂಡು ಬರುತ್ತದೆ.

ಆ ಶುಕ್ರವಾರದ ರಾತ್ರಿಯೇ ಬಂತು.
ಮೇಲಿಂದ ಗುಡ್ಡದ ನೀರು, ಎದುರಿಂದ ಹುಣ್ಣಿಮೆಯ ಉಬ್ಬರ.
ಜೀವ ಹೋದೀತೆಂದು ಕರೆಂಟು ತೆಗೆದರು.
ಪಂಪ್‌ಮನೆಯ ನ್ಗಾದಿಮಾನ್ ಡೀಸೆಲ್ಲಿಗೆ ಫೋನು ಮಾಡಿದ.
ಡೀಸೆಲ್ ಲಾರಿ ರಸ್ತೆಯ ನೀರಲ್ಲಿ ನಿಂತಿತ್ತು.
ರಸ್ತೆಯ ನೀರು, ಪಂಪು ನಿಂತದ್ದಕ್ಕೆ ನಿಂತಿತ್ತು.
ಪಂಪು, ಡೀಸೆಲ್ಲಿಗಾಗಿ ನಿಂತಿತ್ತು.
ಆಸ್ಪತ್ರೆಯ ಮೆಟ್ಟಿಲಲ್ಲಿ
ಮಗನನ್ನು ಹೆಗಲಿಗೆ ಹಾಕಿಕೊಂಡು ಪೊನಿರಾ ನಿಂತಿದ್ದಳು,
ಒಳಗೆ ರಕ್ತದ ಫ್ರಿಜ್ಜು ಬೆವರುತ್ತಿತ್ತು.

ಮೀನು ಹೊಗೆಯಾಡಿಸುವ ಹೆಂಗಸರು
ಯಾರ ಅಪ್ಪಣೆಗೂ ಕಾಯಲಿಲ್ಲ.
ಗಂಡಂದಿರ ದೋಣಿಗಳ ಹೊಟ್ಟೆಯಿಂದ
ನಾಳೆಯ ಕಡಲಿಗೆಂದು ಇಟ್ಟ ಡೀಸೆಲ್ ಬಸಿದು
ಒಂಬತ್ತು ಕ್ಯಾನು ತೇಲಿಸಿ ತಂದರು.
ಸುವಾರ್ತಿ ಮುಂದೆ, ಎದೆಮಟ್ಟದ ನೀರಲ್ಲಿ,
ಮರಿ ಎಣಿಸುವ ಆ ಟಾರ್ಚು ಎತ್ತಿ ಹಿಡಿದು.
ಬೆಳಗಿನ ನಾಲ್ಕಕ್ಕೆ ಪಂಪು ಕೆಮ್ಮಿತು.
ಮತ್ತೆ ಕೆಮ್ಮಿತು.
ಆಮೇಲೆ ಉಸಿರಾಡಿತು.

ಮುಂದಿನ ಶುಕ್ರವಾರ ಅವಳ ಪುಸ್ತಕದಲ್ಲಿ
ಮೂವತ್ತರ ಕೆಳಗೆ, ಗೆರೆಯಿಲ್ಲದ ಜಾಗದಲ್ಲಿ,
ಇನ್ನೂ ಮೂರು ಮನೆ:
ಗುಡ್ಡ. ಪಂಪು. ಕಾರ್ಖಾನೆಯ ಬಾವಿ.
"ಏನಮ್ಮ ಇದು?" ಆರೋಗ್ಯ ಕಚೇರಿಯ ಯುವಕ ಕೇಳಿದ.
"ಇಲ್ಲೂ ಮರಿಗಳಿವೆ," ಎಂದಳು,
"ಟಾರ್ಚು ಸಾಲದು."
ಅವನು ಹೊಡೆದುಹಾಕಲು ಪೆನ್ನೆತ್ತಿ
ಏಕೋ ಕೆಳಗಿಟ್ಟ.

ಗಿಲಾಂಗ್ ಎದ್ದಿದ್ದಾನೆ. ಕಡ್ಡಿಯಾಗಿದ್ದಾನೆ.
ಓಣಿಯಲ್ಲಿ ಅವನೊಬ್ಬನೇ
ಬಾಗಿಲಲ್ಲಿ ಬಗ್ಗದೆ ದಾಟುತ್ತಾನೆ.
ಅವನ ಕೂದಲಿಗೂ ಚೌಕಟ್ಟಿಗೂ ನಡುವೆ ಒಂದು ಗೇಣು.
ಅಲ್ಲಿ ಬೆರಳಿಟ್ಟು ಅಳೆಯುತ್ತಾಳೆ ಪೊನಿರಾ,
ಈ ಗೇಣನ್ನು ಮೊದಲು ತಿನ್ನುವುದು
ಮಗನೋ, ಮಣ್ಣೋ.