ಹನ್ನೊಂದು ಪಾಯಿಂಟ್ ನಾಲ್ಕು

ಈಲಿಯ ವಿಷಯ ನನಗೆ ಹೇಳಬೇಡಿ.
ಮೂವತ್ತೆರಡು ವರ್ಷದಿಂದ ಹಂದಿ ಕಡಿಯುವವನು,
ವಿರಾಜಪೇಟೆಯ ಇನಾಸ ಮಿನೇಜಸ್.

ಒಳ್ಳೆಯ ಈಲಿ ಅಂಗೈಗೆ ಬಿದ್ದರೆ
ಒದ್ದೆ ರೇಷ್ಮೆಯ ಹಾಗೆ ಜಾರುತ್ತದೆ.
ಅಂಚು ಚೂಪು. ಬಣ್ಣ, ಕಣದಲ್ಲಿ ಎರಡು ದಿನ ಬಿಸಿಲುಂಡ ಕಾಫಿಹಣ್ಣಿನದು.
ಚೂರಿ ಇಟ್ಟರೆ ಸದ್ದೇ ಇಲ್ಲ.
ಕೆಟ್ಟದ್ದಾದರೆ ಅಂಚು ಊದಿಕೊಂಡು,
ಮೈಯೆಲ್ಲ ಮರಳು ಕಲೆಸಿದ ಹಾಗೆ,
ಚೂರಿಗೆ ಕರಕರ ಅನ್ನುತ್ತದೆ.
ಅಂಥದ್ದನ್ನು ಗಿರಾಕಿಗೆ ತೂಗಿದವನಲ್ಲ,
ಹಿಂಬಾಗಿಲ ಕುಂಟನಾಯಿಗೂ ಹಾಕಿಲ್ಲ.
ಹೂತಿದ್ದೇನೆ.

ತಿಂಗಳಿಗೆರಡು ಗುರುವಾರ ಮೈಸೂರಿನಿಂದ ಬರುತ್ತಾರೆ
ಹೊಟ್ಟೆಯ ಡಾಕ್ಟರು, ಜುಬೈದಾ ಮೇಡಂ.
ಮೆಡಿಕಲ್ ಶಾಪಿನ ಮಹಡಿಯ ಬೆಂಚಿನಲ್ಲಿ
ಅರ್ಧಕ್ಕರ್ಧ ನನ್ನ ಗಿರಾಕಿಗಳೇ:
ಗ್ಯಾಸ್ ಗ್ಯಾಸ್ ಎಂದು ನಾಲ್ಕು ವರ್ಷ ಸೋಡಾ ಕುಡಿದ ದೇಚಮ್ಮ ಟೀಚರ್,
ಕೋಟಾದ ರಮ್ಮಿನ ಸುಬೇದಾರ್ ಚೀಯಣ್ಣ,
ಕಣ್ಣು ಅರಿಶಿನ.
ಕಣ್ಣು ಹೊಡೆದ ನನ್ನ ಕಡೆ,
ಸಂಘಕ್ಕೆ ಹೊಸ ಸದಸ್ಯ ಸಿಕ್ಕ ಹಾಗೆ.
ಹನಿ ಮುಟ್ಟಿದವನಲ್ಲ ಮಾರಾಯ,
ಕ್ರಿಸ್ಮಸ್ಸಿನ ವೈನನ್ನೂ ಮೂಸಿ ಇಟ್ಟವನು.
ಈ ಊರಲ್ಲಿ, ಈ ಬೆಂಚಿನ ಮೇಲೆ,
ಅದನ್ನು ನಂಬುವವರು ಯಾರು?

ಒಳಗೆ ಮಲಗಿಸಿದರು, ಬಲಗೈ ತಲೆಯಡಿ.
ಪಕ್ಕೆಲುಬಿನ ಸಂದಿಗೆ ತಣ್ಣನೆ ಜೆಲ್ ಸವರಿ
ಮೊಟಕು ಕೋಲೊಂದನ್ನು ಒತ್ತಿದರು.
ಟಕ್.
ಟಕ್. ಟಕ್. ಹತ್ತು ಸಲ.
ಹಲಸು ಬಲಿತಿದೆಯಾ ಎಂದು ಅಮ್ಮ
ಬೆರಳ ಗೆಣ್ಣಲ್ಲಿ ಬಡಿದು ಕಿವಿಗೊಡುತ್ತಿದ್ದಳಲ್ಲ, ಅದೇ.
ಮೆತ್ತಗಿದ್ದರೆ ಬಡಿತ ನಿಧಾನ ನಡೆಯುತ್ತೆ,
ಗಟ್ಟಿಯಿದ್ದರೆ ಓಡುತ್ತೆ, ಅಂದರು ಮೇಡಂ.
ನನ್ನದು ಓಡಿತು.

ಹನ್ನೊಂದು ಪಾಯಿಂಟ್ ನಾಲ್ಕು.
ಎಷ್ಟಿರಬೇಕು?
ಆರು, ಏಳರೊಳಗೆ.
ತಕ್ಕಡಿಯ ಮನುಷ್ಯ ನಾನು, ಲೆಕ್ಕ ತಿಳಿಯಿತು.
ಅವರು ಕಾಗದ ತೆಗೆದು ಚಿತ್ರ ಬರೆಯಹೊರಟರು,
ಕೊಬ್ಬು, ಅದರಿಂದ ಗಾಯ, ಗಾಯದಿಂದ ನಾರು.
ಬೇಡ ಮೇಡಂ, ಅಂದೆ,
ಚೂರಿಗೆ ಕರಕರ ಅನ್ನುವಷ್ಟಾ?

ಪೆನ್ನು ನಿಂತಿತು.
ಹಂದಿಯ ಹೆಸರೆತ್ತದ ಮನೆಯ ಹೆಣ್ಣುಮಗಳು
ಕುರ್ಚಿ ಹತ್ತಿರ ಎಳೆದುಕೊಂಡರು.
ಅಂಚು ಹೇಗಿರುತ್ತೆ? ಬಣ್ಣ?
ನೂರಕ್ಕೆ ಎಷ್ಟು ಅಂಥದ್ದು?
ಹೊರಗೆ ಬೆಂಚು ಕೆಮ್ಮುತ್ತಲೇ ಇತ್ತು.
ನಾವಿಬ್ಬರೂ ಒಂದೇ ಬೀದಿಯ ಅಂಗಡಿಯವರ ಹಾಗೆ
ಮಾತಾಡಿದೆವು.

ಆಮೇಲೆ ವಿಚಾರಣೆ: ದಿನಕ್ಕೆ ಎಷ್ಟು ಕಾಫಿ?
ಒಂಬತ್ತು. ದೊಡ್ಡ ಲೋಟ. ಬೆಲ್ಲದ್ದು.
ಎಷ್ಟು ಬೆಲ್ಲ?
ಅಚ್ಚಿನ ಲೆಕ್ಕ ಯಾರಿಟ್ಟಿದ್ದಾರೆ.
ಕಾಫಿ ಬಿಡಬೇಡಿ, ಈಲಿಗೆ ಒಳ್ಳೆಯದೇ. ಬೆಲ್ಲ ಬಿಡಿ.
ಹತ್ತು ಕಿಲೋ ಇಳಿಸಿ.
ನಾನು ಕಾದೆ. ಎಷ್ಟು ದಿನ ಅನ್ನುವುದನ್ನು
ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು.
ಮೆತ್ತಗಾಗುತ್ತೆ, ಅಂದರು.
ಏನು?
ಈಗಲೇ ಹಿಡಿದರೆ, ಹಿಂದಕ್ಕೆ ಬರಬಹುದು.

ಮೂವತ್ತೆರಡು ವರ್ಷ, ಎಷ್ಟು ಸಾವಿರ ಹಂದಿ.
ಒಂದು ಈಲಿಯೂ ನನ್ನ ಕೈಯಲ್ಲಿ ಹಿಂದಕ್ಕೆ ಬಂದಿಲ್ಲ.
ಹೇಗೆ ಬರಬೇಕು,
ನನ್ನ ಹಲಗೆಗೆ ಬಂದದ್ದೇ ಉಸಿರು ನಿಂತ ಮೇಲೆ.
ಬದುಕಿರುವ ಈಲಿಯನ್ನು
ಆ ಗುರುವಾರದ ತನಕ ನಾನು ಕಂಡವನಲ್ಲ.

ಕೈಲ್ ಮುಹೂರ್ತದ ಬೆಳಿಗ್ಗೆ, ಐದು ಗಂಟೆ.
ಶಟರಿನ ಹೊರಗೆ ಕೊಡೆಗಳ ಸಾಲು.
ಮೂರನೇ ಹಂದಿಯ ಈಲಿಗೆ ಚೂರಿ ಇಟ್ಟೆ,
ಕರಕರ.
ಗೊತ್ತಿಲ್ಲದೆ ಕೈ ಪಕ್ಕೆಗೆ ಹೋಯಿತು,
ಏಪ್ರನ್ನಿನ ಮೇಲೆಯೇ ಬೆರಳ ಗೆಣ್ಣಲ್ಲಿ
ಟಕ್, ಬಡಿದು ನೋಡಿದೆ.
ಅಣ್ಣಾ ಏನಾಯ್ತು, ಅಂದ ಹುಡುಗ.
ಏನಿಲ್ಲ. ಗುದ್ದಲಿ ತೆಗೆದಿಡು.

ಕಾಫಿ ತಂದಿಟ್ಟ. ಕಪ್ಪು, ಬೆಲ್ಲ ಇಲ್ಲ.
ಕಹಿ ಅಂದರೆ ಕಹಿ, ನಮ್ಮ ಮಣ್ಣಿನದೇ.
ಮುಖ ಕಿವುಚಿ ಕುಡಿದೆ.
ಇನ್ನೂ ಎಂಟು ಇದೆ.