ಬೇಳೆ ಬೇಯದ ನೀರು

ಹರಿಹರ ರಸ್ತೆಯ ಶೆಡ್ಡಿನಲ್ಲಿ ರಾತ್ರಿ ಪಾಳಿ.
ಪಲ್ಪರಿನ ಹೊಟ್ಟೆಯೊಳಗೆ
ನಿನ್ನೆ ಮೊನ್ನೆಯ ಸುದ್ದಿಯೆಲ್ಲ ಗಂಜಿ.
ಕಾಸ್ಟಿಕ್ಕು, ಸಿಲಿಕೇಟು, ಸೋಪು, ಪೆರಾಕ್ಸೈಡು,
ಅಳತೆ ನನ್ನದು. ಬೈಗುಳವೂ ನನಗೇ.

ತಿಂಗಳೊಳಗಿನ ಪೇಪರಾದರೆ ಸುಲಭ,
ಮಸಿ ಹೇಳಿದ ಮಾತಿಗೆ ಎದ್ದು ಹೋಗುತ್ತದೆ.
ಎರಡು ಬೇಸಿಗೆ ಗೋದಾಮಿನಲ್ಲಿ ಬೆಂದದ್ದು
ನಾರಿಗೆ ಕಚ್ಚಿ ಕೂತಿರುತ್ತದೆ,
ಬಾಡಿಗೆ ಕೊಡದೆ ಮನೆಯನ್ನೂ ಬಿಡದವನ ಹಾಗೆ.
ಚಿನ್ನದ ದರವೋ, ಯಾರದೋ ಶ್ರದ್ಧಾಂಜಲಿಯೋ,
ತಾನು ಏನಾಗಿದ್ದೆ ಅಂತ ಮಸಿಗೆ ಗೊತ್ತಿಲ್ಲ.

ಈ ಸಲದ ಕಷ್ಟ ಬೇರೆ.
ಮಾಲೀಕರು ಭದ್ರಾ ನಾಲೆಯ ತಿಳಿನೀರು ತರಿಸಿದರು,
ಪೈಪಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು.
ಅವತ್ತಿನಿಂದ ಹಾಳೆ ಬೂದಿ ಬಣ್ಣ.
ನೊರೆಗೇನು ಬರವಿಲ್ಲ,
ತೊಟ್ಟಿ ತುಂಬಿ, ಮೆಟ್ಟಿಲಿಳಿದು, ನನ್ನ ಚಪ್ಪಲಿ ತೇಲಿಸಿತು.
ಬೆಳ್ಳಗೆ. ಒಂದು ಕಣ ಮಸಿಯಿಲ್ಲ ಅದರಲ್ಲಿ.
ಸೋಪು ಹೆಚ್ಚಿಸಿದೆ. ಗಾಳಿ ಹೆಚ್ಚಿಸಿದೆ.
ಬಿಳುಪಿನ ಮೀಟರು ಐವತ್ತೊಂದು ಅಂದಿತು,
ಮತ್ತೂ ಐವತ್ತೊಂದು.

ಪೇಪರು ವಿಂಗಡಿಸುವ ಜೈತುನ್‌ಬಿ
ಟೀ ಲೋಟ ಹಿಡಿದು ತೊಟ್ಟಿಗೆ ಬಗ್ಗಿ ನೋಡಿದಳು.
ಮಂಡಕ್ಕಿ ಭಟ್ಟಿಯ ಸಾಲಿನವಳು;
ಗಂಡನ ಅಂಗಿಯ ಮಸಿಯೊಂದಿಗೆ
ಇಪ್ಪತ್ತು ವರ್ಷದ ವ್ಯವಹಾರ.
"ನಾಲೆ ನೀರಿನ ನೊರೆ ಬರೇ ಆಟ ಆಡ್ತೈತ್ರಿ ಸರ.
ನಮ್ಮ ಬೋರಿನ ನೀರು ನೋಡ್ರಿ, ಬೇಳೆ ಬೇಯಂಗಿಲ್ಲ,
ಸೋಪು ಹಾಕಿದ್ರೆ ಹಾಲಿನಂಗೆ ಒಡೀತೈತಿ.
ಆ ಒಡಕಿನಾಗೆ ಮಸಿ ಸಿಕ್ಕಿಹಾಕ್ಕಂತೈತಿ.
ಬಕೀಟಿನ ಅಂಚಿಗೆ ಕರೀ ಪಟ್ಟಿ,
ತಿಕ್ಕಿ ತಿಕ್ಕಿ ನನ್ನ ಉಗುರೇ ಸವೆದಾವು."

ಒಲೆಯದೂ ಮಸಿ, ಅಚ್ಚಿನದೂ ಮಸಿ,
ನಮ್ಮ ಮಾತಿನಲ್ಲಿ ಒಂದೇ ಹೆಸರು.
ನನ್ನ ಡಿಪ್ಲೊಮಾ ಪುಸ್ತಕದಲ್ಲಿ ಎರಡು ಪಾಠ.
ಇದ್ದಲು ಮಸಿಗೆ ಬುದ್ಧಿ ಹೇಳಿತು ಅಂತ
ಮನಸ್ಸಿನಲ್ಲೇ ಗೊಣಗಿ, ನಾಚಿ,
ಬೋರಿನ ವಾಲ್ವು ತಿರುಗಿಸಿದೆ.

ಮೂರು ಗಂಟೆಗೆ ನೊರೆ ಕುಗ್ಗಿತು.
ಗುಳ್ಳೆ ಸಣ್ಣದಾಯಿತು, ಜಿಗುಟಾಯಿತು,
ಮೈಮೇಲೆ ಹೊರೆಯಿದ್ದವರ ಹಾಗೆ ನಿಧಾನ ಮೇಲೆ ಬಂದು
ಕಪ್ಪಾಯಿತು.
ಹಲಗೆ ಅದನ್ನು ಬಾಚಿ ಬಾಚಿ ಕೆಳಗೆ ತಳ್ಳಿತು.

ಪೂರಾ ಬೋರು ಬಿಟ್ಟರೆ ಫೆಲ್ಟಿಗೆ ಅಂಟು.
ನಾಲ್ಕು ರಾತ್ರಿ ಹಾಳಾದ ಮೇಲೆ ಹದ ಸಿಕ್ಕಿತು:
ಎರಡು ಪಾಲು ನಾಲೆ, ಒಂದು ಪಾಲು ಬೋರು,
ಅಡುಗೆಮನೆಯ ಲೆಕ್ಕ.

"ನೀರಿನ ಗಡಸುತನ ಸರಿಪಡಿಸಲಾಯಿತು" ಎಂದು
ಮಾಲೀಕರಿಗೆ ವರದಿ.
ಕೆಳಗೆ ಅವಳ ಹೆಸರು
ಬರೆದು, ಹೊಡೆದುಹಾಕಿ, ಮತ್ತೆ ಬರೆದೆ.

ನಮ್ಮದೇ ಹಾಳೆಯ ನೋಟ್‌ಬುಕ್ಕು.
ಇವತ್ತಿನ ಬಿಳುಪು, ೫೮.
ಐದಕ್ಕೂ ಎಂಟಕ್ಕೂ ನಡುವೆ ಒಂದು ಕರಿ ಚುಕ್ಕೆ,
ನಾನಿಟ್ಟದ್ದಲ್ಲ.
ಉಗುರಿನಿಂದ ಕೆರೆದು ನೋಡಿದೆ.
ಯಾವ ಸುದ್ದಿಯದೋ,
ಹೋಗಲಿಲ್ಲ.